ಅಮ್ಮನಿಗೆ ಹೇಳಿದ ಊರು

ನನ್ನ ನೆನಪಿನಲ್ಲಿ ಸ್ಕಿಪ್ಟನ್ ಸಂತೆಯ ಚೀಸ್ ಮಾರುವವನು ಕನ್ನಡ ಮಾತಾಡುತ್ತಾನೆ. ಅದೂ ನಮ್ಮ ತಿಪಟೂರು ಕಡೆಯ ಕನ್ನಡ. "ತಗಳವ್ವ, ತಿಂದು ನೋಡು, ಹಿಡಿಸಿದ್ರೆ ನಿಮ್ಮಮ್ಮಂಗೆ ಹೇಳು" ಅನ್ನುತ್ತಾ ಚಾಕುವಿನ ತುದಿಯಲ್ಲಿ ವೆನ್ಸ್‌ಲಿಡೇಲ್ ಚೀಸಿನ ಒಂದು ಚೂರು ಚಾಚುತ್ತಾನೆ. ಚಳಿಗೆ ಕೆಂಪಾದ ಮೂಗು, ಬೆರಳ ತುದಿಯಷ್ಟೇ ಹೊರಗೆ ಕಾಣುವ ಉಲ್ಲನ್ ಗ್ಲೌಸು, ಮುಂದೆ ಬಿಳಿ ಏಪ್ರನ್. ಮುಖ ಸ್ಪಷ್ಟವಾಗಿದೆ, ಚೀಸಿನ ಹುಳಿ ನಾಲಿಗೆಗೆ ಇವತ್ತೂ ಬರುತ್ತೆ. ಆದರೆ ಮಾತು ಮಾತ್ರ ಕನ್ನಡ. ಆತ ಯಾರ್ಕ್‌ಶೈರಿನ ಮನುಷ್ಯ. ಕನ್ನಡ ಅಂತ ಒಂದು ಭಾಷೆ ಇದೆ ಅನ್ನೋದೂ ಅವನಿಗೆ ಗೊತ್ತಿರಲಿಕ್ಕಿಲ್ಲ.

ಇದು ನನ್ನ ಗಮನಕ್ಕೆ ಬಂದಿದ್ದು ಈಚೆಗೆ. ಮಗಳು "ನೀನು ಚಿಕ್ಕೋಳಿದ್ದಾಗ ಇಂಗ್ಲೆಂಡಲ್ಲಿ ಏನ್ ಮಾಡ್ತಿದ್ದೆ?" ಅಂತ ಕೇಳಿದಳು. ಹೇಳುತ್ತಾ ಹೋದೆ. ಮಧ್ಯದಲ್ಲಿ ಅವಳು ತಡೆದು, "ಅವರು ಇಂಗ್ಲಿಷಲ್ಲಿ ಹೆಂಗೆ ಹೇಳಿದ್ರು?" ಅಂದಳು. ನನಗೆ ಹೊಳೆಯಲೇ ಇಲ್ಲ. ಬೇಕಾದರೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಿ ಹೇಳಬಹುದಿತ್ತು, ಆದರೆ ಅದು ಈಗ ಕಟ್ಟಿದ್ದಾಗುತ್ತಿತ್ತು, ಅವತ್ತು ಕೇಳಿದ್ದಲ್ಲ. ಆವತ್ತಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಐದನೇ ವಯಸ್ಸಿಂದ ಹದಿನೈದರವರೆಗೆ ನಾನು ಬೆಳೆದ ಊರು, ಸ್ಕೂಲು, ಆಟ, ಜಗಳ ಎಲ್ಲ ಇಂಗ್ಲಿಷಿನಲ್ಲೇ ನಡೆದ ಊರು. ಅದು ನನ್ನೊಳಗೆ ಹೇಗೆ ಕನ್ನಡವಾಯಿತು?

ಇಂಗ್ಲೆಂಡ್ ಅಂದ ಕೂಡಲೇ ಇಲ್ಲಿ ಎಲ್ಲರೂ ಲಂಡನ್ ಬಗ್ಗೆ ಕೇಳುತ್ತಾರೆ. ನನ್ನ ಬಾಲ್ಯದಲ್ಲಿ ಲಂಡನ್ ಇಲ್ಲವೇ ಇಲ್ಲ. ಸ್ಕಿಪ್ಟನ್ ಇರೋದು ಉತ್ತರದಲ್ಲಿ, ಯಾರ್ಕ್‌ಶೈರ್ ಡೇಲ್ಸ್ ಅನ್ನುವ ಕಣಿವೆಗಳ ಬಾಗಿಲಲ್ಲಿ. ಸುಣ್ಣಕಲ್ಲಿನ ಗುಡ್ಡ, ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆ, ಗೋಡೆಗಳ ನಡುವೆ ಕುರಿ. ಊರಿನ ನಡುವೆ ಒಂದು ಅಗಲವಾದ ಹೈ ಸ್ಟ್ರೀಟ್. ಅದರ ತಲೆಯಲ್ಲಿ ಚರ್ಚು, ಚರ್ಚಿನ ಪಕ್ಕ ಕೋಟೆ. ರಸ್ತೆಯ ಎರಡೂ ಕಡೆ ಕಲ್ಲು ಹಾಸಿದ ಪಟ್ಟಿ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಆ ಕಲ್ಲುಹಾಸಿನ ಮೇಲೆ ಸಂತೆ. ಕಣಿವೆಯ ಹಳ್ಳಿಗಳವರೆಲ್ಲ ಬಂದು ಬೇಕಾದ್ದು ಕೊಂಡು, ಬೇಡವಾದ್ದು ಮಾರಿ, ಊರ ಸುದ್ದಿ ಹಂಚಿಕೊಂಡು ಹೋಗುವ ಜಾಗ. ಅಪ್ಪ ತಿಪಟೂರಿನವರು, ಕೊಬ್ಬರಿ ಮಂಡಿಯ ಗದ್ದಲದಲ್ಲಿ ಬೆಳೆದವರು. ಕೆಲಸ ಸಿಕ್ಕಿದ್ದು ಕೀಥ್ಲಿ ರಸ್ತೆಯ ಸ್ಟೀಟನ್‌ನಲ್ಲಿದ್ದ ಏರ್‌ಡೇಲ್ ಆಸ್ಪತ್ರೆಯಲ್ಲಿ. ಆಸ್ಪತ್ರೆಗೆ ಹತ್ತಿರ ಇನ್ನೂ ಊರುಗಳಿದ್ದವು. ಆದರೂ ಸ್ಕಿಪ್ಟನ್ನಿನಲ್ಲಿ ಮನೆ ಮಾಡಿದ್ದು ಸಂತೆ ನೋಡಿ. "ಸಂತೆ ಇರೋ ಊರಲ್ಲಿ ಯಾರೂ ತೀರಾ ಹೊರಗಿನವರಾಗಲ್ಲ, ಎಲ್ಲರೂ ಹೊರಗಿಂದ್ಲೇ ಬರ್ತಾರಲ್ಲ" ಅನ್ನುತ್ತಿದ್ದರು. 1979ರಲ್ಲಿ ಅಮ್ಮ, ಅಣ್ಣ ಮತ್ತು ನಾನು ಅವರನ್ನು ಸೇರಿಕೊಂಡೆವು.

ಸಂಜೆ ನಾಲ್ಕರ ಕತ್ತಲೆ

ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಸ್ಕೂಲು ಬಿಟ್ಟು ಮನೆ ಮುಟ್ಟುವಷ್ಟರಲ್ಲಿ ಬೀದಿ ದೀಪ ಹತ್ತಿರುತ್ತಿತ್ತು. ಅಪ್ಪ ಬರುವುದು ರಾತ್ರಿ. ಕೆಲವು ಸಲ ಮಾರನೇ ದಿನ. ಅಣ್ಣ ಫುಟ್‌ಬಾಲು, ಗೆಳೆಯರು ಅಂತ ಹೊರಗೇ ಇರುತ್ತಿದ್ದ. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲ್ಲ, ಹೈಸ್ಕೂಲಿನಲ್ಲಿ ಓದಿದ್ದಳು. ಆದರೆ ಆ ಇಂಗ್ಲಿಷಿಗೂ ಸ್ಕಿಪ್ಟನ್ನಿನ ಇಂಗ್ಲಿಷಿಗೂ ಸಂಬಂಧವೇ ಇರಲಿಲ್ಲ. ಗ್ಯಾಸ್ ಹೀಟರಿನ ಮುಂದೆ ನನ್ನ ಒದ್ದೆ ಕಾಲುಚೀಲ ಒಣಗಲು ಹಾಕಿ, ಬಿಸಿ ಹಾಲು ಕೊಟ್ಟು, ಚಪಾತಿ ಹಿಟ್ಟು ಕಲೆಸಲು ಕೂರುತ್ತಿದ್ದಳು. ಆಮೇಲೆ ಅದೇ ಪ್ರಶ್ನೆ. "ಹ್ಞೂ, ಹೇಳು. ಏನಾಯ್ತು ಇವತ್ತು?"

ಹೇಳಲೇಬೇಕಿತ್ತು. ಸುಮ್ನೆ "ಏನಿಲ್ಲ" ಅಂದರೆ ಅವಳು ಬಿಡುತ್ತಿರಲಿಲ್ಲ. ಯಾರು ಏನಂದರು, ಆಮೇಲೆ ನೀನೇನಂದೆ, ಅವರ ಮುಖ ಹೇಗಿತ್ತು, ಊಟಕ್ಕೆ ಏನು ಕೊಟ್ಟರು, ಎಲ್ಲ ಬೇಕು. ನಾನು ಕನ್ನಡದಲ್ಲೇ ಹೇಳುತ್ತಿದ್ದೆ. ನನಗೆ ಗೊತ್ತಿದ್ದ ಕನ್ನಡ ಅಮ್ಮನದು. ಹಾಗಾಗಿ ನಮ್ಮ ಟೀಚರು, ಚೀಸಿನವನು, ರಸ್ತೆ ದಾಟಿಸುತ್ತಿದ್ದ ಲಾಲಿಪಾಪ್ ಹೆಂಗಸು, ಎಲ್ಲರೂ ಅಮ್ಮನ ಕನ್ನಡವನ್ನೇ ಆಡತೊಡಗಿದರು. ಈಗ ಅನಿಸುತ್ತೆ, ಹಗಲಿನಲ್ಲಿ ನಡೆದದ್ದು ನನಗೆ ನೆನಪಾಗಿ ಉಳಿದಿಲ್ಲ. ಸಂಜೆ ಹೇಳಿದ್ದು ಉಳಿದಿದೆ. ನೆನಪು ಅನ್ನೋದು ನೋಡಿದಾಗ ಅಲ್ಲ, ಯಾರಿಗಾದರೂ ಹೇಳಿದಾಗ ಗಟ್ಟಿಯಾಗುತ್ತೆ ಅಂತ ನಾನು ನಂಬುತ್ತೇನೆ. ಹೇಳಲು ಅಮ್ಮ ಇದ್ದಳು, ಹಾಗಾಗಿ ನನಗೆ ಬಾಲ್ಯ ಇದೆ.

ವಾರಕ್ಕೊಮ್ಮೆ ಕ್ರೇವನ್ ಹೆರಾಲ್ಡ್ ಪತ್ರಿಕೆ ಬರುತ್ತಿತ್ತು. ಆಗ ಅದರ ಮುಖಪುಟದಲ್ಲಿ ಸುದ್ದಿಯೇ ಇರುತ್ತಿರಲಿಲ್ಲ, ಬರೀ ಜಾಹೀರಾತು. (2009ರವರೆಗೂ ಹಾಗೇ ಇತ್ತು.) ಒಳಗಿನ ಪುಟ ತೆರೆದು ನಾನು ಅಮ್ಮನಿಗೆ ಓದಿ ಹೇಳಬೇಕು. ಕುರಿ ಕಳವು, ಹೂವಿನ ಪ್ರದರ್ಶನ, ಯಾರದೋ ಮದುವೆ. ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಸೆಟಲ್–ಕಾರ್ಲೈಲ್ ರೈಲಿನ ಸುದ್ದಿ. ಸ್ಕಿಪ್ಟನ್ನಿನ ಆಚೆಗೆ ಗುಡ್ಡಗಳ ಮೇಲೆ ಹೋಗುವ ದಾರಿ ಅದು. ರಿಬಲ್‌ಹೆಡ್ ಅನ್ನುವಲ್ಲಿ 24 ಕಮಾನಿನ ಕಲ್ಲು ಸೇತುವೆ ಇದೆ. ಸೇತುವೆ ಹಳತಾಗಿದೆ, ರಿಪೇರಿಗೆ ಖರ್ಚು ಜಾಸ್ತಿ ಅಂತ ಎಂಬತ್ತರ ದಶಕದಲ್ಲಿ ದಾರಿಯನ್ನೇ ಮುಚ್ಚಲು ಹೊರಟರು. ಜನ ಬಿಡಲಿಲ್ಲ. 22,000ಕ್ಕೂ ಹೆಚ್ಚು ತಕರಾರು ಅರ್ಜಿ ಬಿದ್ದವು. ಅದರಲ್ಲಿ ಒಂದು ನಾಯಿಯದು. ಟಿಕೆಟ್ ಕೊಂಡು ಓಡಾಡುವ ಪ್ರಯಾಣಿಕ ಅಂತ ಅದರ ಪಂಜದ ಗುರುತನ್ನೂ ಲೆಕ್ಕಕ್ಕೆ ತಗೊಂಡರು. ಅಮ್ಮ ಲಟ್ಟಣಿಗೆ ಕೆಳಗಿಟ್ಟು, "ನಾಯೀದು ಹೆಬ್ಬೆಟ್ಟು ಒತ್ತಿಸ್ಕೊಂಡ್ರಾ!" ಅಂತ ಕಣ್ಣರಳಿಸಿದ್ದು ಇನ್ನೂ ಕಾಣುತ್ತೆ. 1989ರ ಏಪ್ರಿಲ್ 11ರಂದು ದಾರಿ ಮುಚ್ಚುವುದಿಲ್ಲ ಅಂತ ಸರ್ಕಾರ ಹೇಳಿತು. ನಾವು ಊರಿಗೆ ವಾಪಸಾಗಲು ಪೆಟ್ಟಿಗೆ ಕಟ್ಟುತ್ತಿದ್ದ ವರ್ಷ ಅದು. ಆ ಸುದ್ದಿಯನ್ನು ಅಮ್ಮ ಎರಡು ಸಲ ಓದಿಸಿಕೊಂಡಳು.

ಚಿಪ್ಸ್ ಅಂಗಡಿಯ ಬಿಳಿ ಗಡ್ಡೆ

ಒಂದು ಶನಿವಾರ. ಬಂದ ಹೊಸತು, ನನಗೆ ಐದೋ ಆರೋ ವರ್ಷ ಇರಬಹುದು. ಸಂತೆ ಮುಗಿಸಿ ಬರುವಾಗ ಮಳೆ ಹಿಡಿಯಿತು. ನಾನು ಹಸಿವು ಅಂತ ಹಟ ಮಾಡುತ್ತಿದ್ದೆ. ಫಿಶ್ ಅಂಡ್ ಚಿಪ್ಸ್ ಅಂಗಡಿಯ ಮುಂದೆ ಜನ ಸಾಲು ನಿಂತಿದ್ದರು. ನಮ್ಮ ಮನೆಯಲ್ಲಿ ದಿನಾ ಲಿಂಗಪೂಜೆ, ಮೊಟ್ಟೆಯನ್ನೂ ಮುಟ್ಟುವವರಲ್ಲ. ಆದರೆ ಆಲೂಗಡ್ಡೆ ಆಲೂಗಡ್ಡೆಯೇ ತಾನೇ ಅಂತ ಅಮ್ಮ ಸಾಲಿಗೆ ಸೇರಿಕೊಂಡಳು. ಒಳಗೆ ಬೆಚ್ಚಗಿತ್ತು. ಕಿಟಕಿ ಗಾಜಿನ ಮೇಲೆ ಹಬೆ. ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೌಂಟರಿನ ಹಿಂದೆ ದಪ್ಪನೆಯ ಹೆಂಗಸು, ತೋಳು ಮಡಚಿಕೊಂಡಿದ್ದಳು. ನಮ್ಮ ಸರದಿ ಬಂತು. ಅಮ್ಮ ಬೆರಳೆತ್ತಿ ಒಂದು ಅಂತ ತೋರಿಸಿ "ಚಿಪ್ಸ್" ಅಂದಳು.

ಆಕೆ ಜಾಲರಿ ಸೌಟು ಎತ್ತಿದವಳು ಹಾಗೇ ನಿಂತಳು. ಅಮ್ಮನ ಓವರ್‌ಕೋಟಿನ ಕೆಳಗೆ ಒದ್ದೆಯಾಗಿದ್ದ ಸೀರೆಯ ಅಂಚು ನೋಡಿದಳು, ಹಣೆಯ ವಿಭೂತಿ ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ ಕೇಳಿದಳು. ನನ್ನ ನೆನಪಿನಲ್ಲಿ ಆಕೆ ಹೇಳುವುದು ಹೀಗೆ: "ಮಗ, ಇದು ಕರಿಯೋದು ದನದ ಕೊಬ್ಬಲ್ಲಿ. ನಿಮ್ಮಮ್ಮ ತಿಂತಾರಾ ಕೇಳು." ನನಗೆ ಅರ್ಥವಾಗಲಿಲ್ಲವೇನೋ ಅಂತ ಹಿಂದಿನ ಶೆಲ್ಫಿನಿಂದ ಕಾಗದ ಸುತ್ತಿದ ಒಂದು ಗಡ್ಡೆ ತಂದು ಬಿಚ್ಚಿ ತೋರಿಸಿದಳು. ಬೆಳ್ಳಗೆ, ಮೇಣದ ಹಾಗೆ ಗಟ್ಟಿ. ಯಾರ್ಕ್‌ಶೈರಿನಲ್ಲಿ ಹಳೇ ಪದ್ಧತಿಯ ಅಂಗಡಿಗಳು ಈಗಲೂ ಎಣ್ಣೆ ಬಳಸಲ್ಲ, ಬೀಫ್ ಡ್ರಿಪ್ಪಿಂಗ್‌ನಲ್ಲೇ ಕರಿಯುತ್ತವೆ. ರುಚಿ ಅದರಿಂದಲೇ ಅಂತ ಅಲ್ಲಿನವರ ಹೆಮ್ಮೆ. ಹಿಂದೆ ಸಾಲು ಬಾಗಿಲು ದಾಟಿ ಮಳೆಯವರೆಗೂ ಹೋಗಿತ್ತು. ಯಾರೂ ಗೊಣಗಲಿಲ್ಲ. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಪರ್ಸಿನ ಬಾಯಿ ಮುಚ್ಚಿದಳು. ಒಂದು ಕ್ಷಣ ಏನು ಮಾಡಬೇಕು ಅಂತ ತೋಚದೆ ನಿಂತು, ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು, ಆಕೆಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಆ ಹೆಂಗಸು ನನ್ನ ಕೈಗೆ ಡ್ಯಾಂಡಿಲಯನ್ ಅಂಡ್ ಬರ್ಡಾಕ್ ಅನ್ನುವ ಕಪ್ಪು ಶರಬತ್ತಿನ ಬಾಟಲಿ ಕೊಟ್ಟಳು. ದುಡ್ಡು ತಗೊಳ್ಳಲಿಲ್ಲ.

ದಾರಿಯುದ್ದಕ್ಕೂ ಅಮ್ಮ ಅದನ್ನೇ ಹೇಳುತ್ತಿದ್ದಳು. "ಅವಳು ಹೇಳದೇ ಇದ್ದಿದ್ರೆ ನಮ್ಗೆ ಗೊತ್ತಾಗ್ತಿತ್ತಾ? ತನ್ನ ವ್ಯಾಪಾರ ಬಿಟ್ಟು ಹೇಳಿದಳಲ್ಲ. ಇನ್ನೊಬ್ಬರ ಬಾಯಿ ಕೆಡಿಸಬಾರದು ಅಂತ ಅವಳಿಗೆ ಯಾರು ಹೇಳ್ಕೊಟ್ರೋ." ಆ ಊರಿನ ಬಗ್ಗೆ ಅಮ್ಮನಿಗೆ ಇದ್ದ ಭಯ ಹೋಗಿದ್ದು ಅವತ್ತೇ ಅಂತ ನನಗನಿಸುತ್ತೆ. ಆ ಹೆಂಗಸು ಅಮ್ಮನನ್ನು ನೋಡಿ ನಕ್ಕಿದ್ದಷ್ಟೇ ಆಗಿದ್ದರೆ ನಾವು ಮರೆತುಬಿಡುತ್ತಿದ್ದೆವು. ಆಕೆ ನೋಡಿದಳು, ಯೋಚಿಸಿದಳು, ಕೇಳಿದಳು. ಇವತ್ತಿಗೂ ಯಾರಾದರೂ ಬ್ರಿಟಿಷರು ಹಾಗೆ ಹೀಗೆ ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ, ಅಮ್ಮ ಈ ಕಥೆ ಹೇಳುತ್ತಾಳೆ.

ಹರಾಜು

ಇನ್ನೊಂದು ಅಕ್ಟೋಬರ್ ಕೊನೆಯ ಹಾಫ್ ಟರ್ಮ್ ರಜೆಯಲ್ಲಿ ಆದದ್ದು. ಅಪ್ಪನ ಕೈಯಲ್ಲಿ ಗುಣವಾಗಿದ್ದ ರೈತನೊಬ್ಬ ಅವರನ್ನು ಕುರಿ ಹರಾಜು ನೋಡಲು ಕರೆದಿದ್ದ. ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ನಡುವೆ ಮರದ ಹೊಟ್ಟು ಹಾಕಿದ ಗುಂಡನೆಯ ಅಂಗಳ, ಸುತ್ತ ಕಂಬಿ. ಕಂಬಿಗೆ ಒರಗಿ ಚಪ್ಪಟೆ ಟೋಪಿಯ ಮುದುಕರು, ಕೈಯಲ್ಲಿ ಕೋಲು. ಕರಿ ಮುಖ, ಬಿಳಿ ಮೂಗಿನ ಸ್ವೇಲ್‌ಡೇಲ್ ಕುರಿಗಳು ಒಂದು ಬಾಗಿಲಿಂದ ನುಗ್ಗಿ ಒಂದು ಸುತ್ತು ಹಾಕಿ ಇನ್ನೊಂದು ಬಾಗಿಲಿಂದ ಹೋಗುತ್ತಿದ್ದವು. ಬೆನ್ನ ಮೇಲೆ ಕೆಂಪು, ನೀಲಿ ಗುರುತು, ಯಾರ ಕುರಿ ಅಂತ ತಿಳಿಯಲು. ಹರಾಜು ಕೂಗುವವನು ಉಸಿರು ತಗೊಳ್ಳದೆ ಅಂಕಿ ಹೇಳುತ್ತಿದ್ದ. ಆದರೆ ಕೊಳ್ಳುವವರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಬ್ಬ ಕಣ್ಣು ಮಿಟುಕಿಸಿದ, ಒಬ್ಬ ಕೋಲಿನ ಮೇಲಿದ್ದ ಬೆರಳು ಎತ್ತಿದ, ಅಷ್ಟೇ. ನಾನು ಮೂಗು ಕೆರೆದುಕೊಳ್ಳಲೂ ಹೆದರಿ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ. ಟಗರುಗಳ ಸರದಿ ಬಂದಾಗ ಬೆಲೆ ಪೌಂಡಿನಲ್ಲಿ ಅಲ್ಲ, ಗಿನಿಯಲ್ಲಿ. ಒಂದು ಗಿನಿ ಅಂದರೆ ಒಂದು ಪೌಂಡ್ ಐದು ಪೆನ್ಸ್. ಆ ನಾಣ್ಯವನ್ನು ಟಂಕಿಸುವುದು ನಿಂತು ಒಂದೂವರೆ ಶತಮಾನದ ಮೇಲಾಗಿತ್ತು. ಕುರಿ ಸಂತೆ ಮಾತ್ರ ಅದನ್ನು ಬಿಟ್ಟಿರಲಿಲ್ಲ.

ಅಪ್ಪನ ಕಣ್ಣು ಹೊಳೆದಿದ್ದು ಆಮೇಲೆ. ಹೊರಗೆ ಆ ರೈತ ತನ್ನ ಕುರಿ ಕೊಂಡವನ ಹತ್ತಿರ ಹೋಗಿ, ಕೈ ಕುಲುಕಿ, ಜೇಬಿನಿಂದ ಒಂದೆರಡು ನೋಟು ತೆಗೆದು ವಾಪಸು ಕೊಟ್ಟ. ಬೆಲೆ ಪೂರ್ತಿ ಸಂದಿತ್ತು, ಲೆಕ್ಕ ಚುಕ್ತಾ ಆಗಿತ್ತು. ಮತ್ತೆ ಯಾಕೆ ಅಂತ ಅಪ್ಪ ಕೇಳಿದರು. ಅದು ಲಕ್ ಮನಿ, ಮಾರಿದವನು ಕೊಂಡವನಿಗೆ ಕೊಡಲೇಬೇಕಾದ ಶುಭದ ದುಡ್ಡು ಅಂದ. ಮಾಲು ಅವನ ಮನೆಯಲ್ಲಿ ಏಳಿಗೆಯಾಗಲಿ ಅಂತ. ಅಪ್ಪ ನನ್ನ ಕಡೆ ತಿರುಗಿ "ಕೊಸರು ಕಣೇ ಇದು!" ಅಂದರು. ಮನೆಗೆ ಹೋಗುವವರೆಗೂ ಅವರ ಬಾಯಿ ನಿಲ್ಲಲಿಲ್ಲ. ಅವರ ತಾತ ಹಳ್ಳಿಕಾರ್ ಎತ್ತು ಕೊಳ್ಳಲು ದನದ ಜಾತ್ರೆಗೆ ಹೋಗುತ್ತಿದ್ದದ್ದು, ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಕಟ್ಟುತ್ತಿದ್ದದ್ದು, ಪಕ್ಕದಲ್ಲಿ ನಿಂತವನಿಗೂ ರೇಟು ಗೊತ್ತಾಗದಿದ್ದದ್ದು, ಎಲ್ಲ ಹೇಳಿದರು. ಅಪ್ಪ ತಮ್ಮ ಬಾಲ್ಯದ ಬಗ್ಗೆ ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು. ತಿಪಟೂರಿನ ನನ್ನ ಮುತ್ತಾತ ನನಗೆ ಪರಿಚಯವಾಗಿದ್ದು ಯಾರ್ಕ್‌ಶೈರಿನ ಕುರಿ ಮಾರ್ಟಿನ ಕಾರ್ ಪಾರ್ಕಿನಲ್ಲಿ.

ಸ್ಕಿಪ್ಟನ್ನಿನ ಸಂತೆಗೆ 1204ರಲ್ಲಿ ಕಿಂಗ್ ಜಾನ್ ಸನ್ನದು ಬರೆದುಕೊಟ್ಟ ಅಂತ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಅದನ್ನೂ ಸಂಜೆ ಒಪ್ಪಿಸಿದೆ. "ಸಂತೆ ಕಟ್ಟೋಕೂ ರಾಜ ಚೀಟಿ ಕೊಡಬೇಕಿತ್ತಾ?" ಅಂತ ಅಮ್ಮನಿಗೆ ಆಶ್ಚರ್ಯ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂದು, ದನ ಕುರಿ ಸಂತೆಗಳನ್ನೆಲ್ಲ ನಿಲ್ಲಿಸಿದರು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ನಮ್ಮ ಕಣಿವೆಗಳಿಗೂ, ಸೆಟಲ್ ಸುತ್ತಮುತ್ತಲಿಗೂ ಬಂದಿತ್ತು. ಮೈಸೂರಿನಲ್ಲಿ ಕೂತು ಟಿವಿಯಲ್ಲಿ ಉರಿಯುವ ರಾಶಿ ನೋಡಿದೆವು. ಅಪ್ಪ ಎದ್ದು ಒಳಗೆ ಹೋದರು. ರಾತ್ರಿ ಊಟ ಮಾಡಲಿಲ್ಲ.

ಹೇಳದೆ ಉಳಿದದ್ದು

ಕನ್ನಡವಾಗದ ನೆನಪುಗಳೂ ಇವೆ. ಅವು ಯಾವುವು ಅಂತ ಹುಡುಕಿದಾಗಲೇ ನನಗೆ ಇಡೀ ವಿಷಯ ಅರ್ಥವಾಗಿದ್ದು.

ಊರಿನ ನಡುವೆ ಲೀಡ್ಸ್–ಲಿವರ್‌ಪೂಲ್ ಕಾಲುವೆ ಹರಿಯುತ್ತೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಅದರ ದಡದಲ್ಲಿದೆ. ಸ್ಕೂಲಿನಿಂದ ನಾನು ಅದೇ ದಾರಿಯಲ್ಲಿ ಬರುತ್ತಿದ್ದೆ. ಒಂದಿನ ಸೇತುವೆಯ ಮೇಲಿಂದ ಮೂರ್ನಾಲ್ಕು ದೊಡ್ಡ ಹುಡುಗರು ನನ್ನನ್ನು ನೋಡಿ ಕೂಗಿದರು. ನಮ್ಮ ಮೈಬಣ್ಣದವರು ಯಾವ ದೇಶದವರಾದರೂ ಸರಿ, ಆಗ ಎಸೆಯುತ್ತಿದ್ದ ಎರಡಕ್ಷರದ ಬೈಗುಳ. ಜೊತೆಗೆ ಒಂದು ಕಲ್ಲು. ಕಲ್ಲು ನೀರಿಗೆ ಬಿತ್ತು. ನನಗೆ ಆ ದನಿ, ಆ ಏರಿಳಿತ, ಅವರು ಆ ಮೊದಲ ಅಕ್ಷರವನ್ನು ಎಳೆದ ರೀತಿ, ಈಗಲೂ ಹಾಗೇ ಕೇಳುತ್ತೆ. ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ತಲೆ ತಿರುಗಿಸದೆ "ಟೆಕ್ ನೋ ನೋಟಿಸ್, ಲವ್" ಅಂದ. ಅದೂ ಹಾಗೇ ಇದೆ. ಅಪ್ಪಟ ಯಾರ್ಕ್‌ಶೈರ್. ಒಂದಕ್ಷರ ಕನ್ನಡವಾಗಿಲ್ಲ.

ಯಾಕಂದರೆ ಅದನ್ನು ಅಮ್ಮನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಮಾರನೇ ದಿನದಿಂದ ಅವಳು ನನ್ನನ್ನು ಒಬ್ಬಳೇ ಕಳಿಸುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಚಿಪ್ಸ್ ಅಂಗಡಿಯ ಹೆಂಗಸನ್ನು ನೆಚ್ಚಿಕೊಂಡು ಅವಳು ಆ ಊರಿನಲ್ಲಿ ಧೈರ್ಯವಾಗಿ ಓಡಾಡುತ್ತಿದ್ದಳು. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅವತ್ತು ಸಂಜೆ ಬೇರೆ ಏನೋ ಹೇಳಿದೆ. ಹುಡುಗರನ್ನು ಮುಚ್ಚಿಡಲು ಹೋಗಿ ಗಾಳದ ಮುದುಕನನ್ನೂ ಮುಚ್ಚಿಟ್ಟೆ ಅನ್ನೋದು ಈಗ ಬೇಜಾರು ತರಿಸುತ್ತೆ. ಒಂದನ್ನು ಬಿಟ್ಟು ಒಂದನ್ನು ಹೇಳಲು ಬರುತ್ತಿರಲಿಲ್ಲ.

ಹಾಗಾದರೆ ನನ್ನ ಕನ್ನಡದ ಸ್ಕಿಪ್ಟನ್, ಅಮ್ಮನಿಗೆ ಅಂತ ಆರಿಸಿ ಕೊಟ್ಟ ಸ್ಕಿಪ್ಟನ್. ಅದು ಸುಳ್ಳಲ್ಲ, ಅದರಲ್ಲಿರುವ ಒಬ್ಬೊಬ್ಬರೂ ನಿಜ. ಆದರೆ ಅದೇ ಇಡೀ ಊರೂ ಅಲ್ಲ. ಮಿಲ್ಲುಗಳು ಮುಚ್ಚುತ್ತಿದ್ದ ಕಾಲ ಅದು. ಸಿಲ್ಕೋ ದಾರ ತಯಾರಾಗುತ್ತಿದ್ದ ಡ್ಯೂಹರ್ಸ್ಟ್ ಮಿಲ್ಲೂ ನಿಂತಿತು. ಅಲ್ಲಿ ರಾತ್ರಿ ಪಾಳಿ ದುಡಿಯಲು ಅಂತ ಬಂದಿದ್ದ ಪಾಕಿಸ್ತಾನಿ ಮನೆಗಳ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ನಾನು ಡಾಕ್ಟರ ಮಗಳು, ನನಗೆ ಬಿದ್ದದ್ದು ಒಂದು ಕಲ್ಲು. ಅವರಿಗೆ ಏನೇನು ಬಿತ್ತು, ಅವರು ಮನೆಗೆ ಹೋಗಿ ಯಾವ ಭಾಷೆಯಲ್ಲಿ ಏನು ಹೇಳಿದರು, ಏನು ಬಿಟ್ಟರು ಅಂತ ನಾನು ಕೇಳಲೇ ಇಲ್ಲ. ಬಾಲ್ಯದ ಬಗ್ಗೆ ಬರೆಯುವವರು, ನಾನೂ ಸೇರಿ, ಸಿಹಿಯನ್ನು ಜಾಸ್ತಿ ಬರೆಯುತ್ತೇವೆ ಅನ್ನುತ್ತಾರೆ. ನನಗನಿಸುವುದು, ಮಕ್ಕಳು ಆಗಲೇ ಅದನ್ನು ಆರಿಸಿಬಿಟ್ಟಿರುತ್ತಾರೆ, ಮನೆಯಲ್ಲಿ ಕಾಯುತ್ತಿರುವವರ ಮುಖ ನೆನೆಸಿಕೊಂಡು.

ಇಷ್ಟು ಬರೆದು ಅಮ್ಮನಿಗೆ ಓದಿ ಹೇಳಿದೆ. ಕಾಲುವೆಯ ಭಾಗ ಬಂದಾಗ ನನ್ನ ಮಂಡಿಯ ಮೇಲೆ ಕೈಯಿಟ್ಟಳು, ಏನೂ ಅನ್ನಲಿಲ್ಲ. ಪೂರ್ತಿ ಕೇಳಿದ ಮೇಲೆ ಅವಳದೊಂದು ತಕರಾರು ಬಂತು. "ನೀನು ಬಂದು ಹೇಳೋವರೆಗೂ ನಾನು ಆ ಊರನ್ನೇ ನೋಡಿರಲಿಲ್ಲ ಅನ್ನೋ ಹಂಗೆ ಬರ್ದಿದೀಯಲ್ಲ. ನೀನು ಸ್ಕೂಲಿಗೆ ಹೋದ ಮೇಲೆ ನಾನೇನು ಮನೇಲಿ ಕೂತಿರ್ತಿದ್ನಾ?" ಸೋಮವಾರ, ಬುಧವಾರ, ಶುಕ್ರವಾರ ಅವಳು ಒಬ್ಬಳೇ ಸಂತೆಗೆ ಹೋಗುತ್ತಿದ್ದಳಂತೆ. ಬಟ್ಟೆ ಮಾರುವ ಹೆಂಗಸೊಬ್ಬಳು ಸ್ನೇಹಿತೆ. ಇಬ್ಬರೂ ಕಾಗದದ ಚೀಲದ ಮೇಲೆ ಪೆನ್ಸಿಲಿನಲ್ಲಿ ಅಂಕಿ ಬರೆದು, ಹೊಡೆದು, ಮತ್ತೆ ಬರೆದು ಚೌಕಾಸಿ ಮಾಡುತ್ತಿದ್ದರು. ಸೀರೆಗೆ ಸರಿಹೊಂದುವ ಸಿಲ್ಕೋ ರೀಲು ಆರಿಸಲು ಟಾರ್ಪಾಲಿನ ನೆರಳಿನಿಂದ ಹೊರಗೆ ಬಂದು ಬೆಳಕಿನಲ್ಲಿ ಹಿಡಿದು ನೋಡಬೇಕಿತ್ತು, ಅದಕ್ಕೆ ಆಕೆ ಬೇಸರ ಮಾಡುತ್ತಿರಲಿಲ್ಲ. ಆಕೆಯ ಮೂಲಕವೇ ಅಮ್ಮನಿಗೆ ಪರದೆಗಳ ಅಂಚು ಹೊಲಿಯುವ ಕೆಲಸ ಬರತೊಡಗಿತು. ಬಂದ ದುಡ್ಡನ್ನು ಹೈ ಸ್ಟ್ರೀಟಿನ ಬಿಲ್ಡಿಂಗ್ ಸೊಸೈಟಿಯಲ್ಲಿ ಕಟ್ಟುತ್ತಿದ್ದಳು. ಅವಳ ಹೆಸರಿನ ಪಾಸ್‌ಬುಕ್, ಸಹಿ ಕನ್ನಡದಲ್ಲಿ. ಅಪ್ಪನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

"ಬರೀತೀಯಾದ್ರೆ ಇದನ್ನೂ ಬರಿ" ಅಂದಳು. ಊರಿಗೆ ವಾಪಸಾಗುವಾಗ ಆ ದುಡ್ಡು ತೆಗೆದು ಒಂದು ಹೊಲಿಗೆ ಮೆಷಿನ್ ಕೊಂಡು ಹಡಗಿಗೆ ಹಾಕಿಸಿದ್ದಳು. ಅದು ತಿಪಟೂರಿನ ಮನೆಯಲ್ಲಿದೆ. ಅತ್ತಿಗೆ ಈಗ ಅದರಲ್ಲೇ ಊರಿನವರ ಸೀರೆಗಳಿಗೆ ಫಾಲ್ ಹೊಲಿದುಕೊಡುತ್ತಾರೆ, ದಾರ ಮಾತ್ರ ಬೇರೆ.